ಹಳೇ ಆಸಿಲೋಸ್ಕೋಪಿನ ಸಿಆರ್‌ಟಿ: ಬಿಚ್ಚುವುದರಿಂದ ಬೆಳಗಿಸುವವರೆಗೆ

"ಕೆಟ್ಟುಹೋದ ಆಸಿಲೋಸ್ಕೋಪ್ ಒಂದು ಸಿಕ್ಕಿದೆ. ಟ್ಯೂಬ್ ಮಾತ್ರ ಚೆನ್ನಾಗಿರೋ ಹಾಗೆ ಕಾಣುತ್ತೆ. ಏನಾದ್ರೂ ಮಾಡಬಹುದಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. (ಆಸಿಲೋಸ್ಕೋಪ್ ಅಂದರೆ ವಿದ್ಯುತ್ ಸಿಗ್ನಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ; ಟ್ಯೂಬ್ ಅಥವಾ ಸಿಆರ್‌ಟಿ ಅಂದರೆ ಅದರ ಪರದೆಯಿರುವ ಗಾಜಿನ ಕೊಳವೆ.) ಪ್ರತಿ ಸಲ ತುಂಡು ತುಂಡಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಡುತ್ತಿದ್ದೇನೆ.

ಖಂಡಿತ ಮಾಡಬಹುದು. ಗಡಿಯಾರ ಮಾಡಬಹುದು, ಹಾಡಿನ ಎಡ–ಬಲ ಚಾನೆಲ್‌ಗಳನ್ನು ಕೊಟ್ಟು ಪರದೆಯ ಮೇಲೆ ಸುಳಿಗಳನ್ನು ಕುಣಿಸಬಹುದು, ಬರೀ ಗೆರೆಗಳಲ್ಲೇ ಆಡುವ ಆಟ ಕಟ್ಟಬಹುದು. 1958ರಲ್ಲಿ ವಿಲಿಯಂ ಹಿಗಿನ್‌ಬಾಥಮ್ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಬಂದ ಜನರಿಗೆ ಆಡಲು ಕೊಟ್ಟ ಟೆನಿಸ್ ಆಟ ನಡೆದದ್ದು ಆಸಿಲೋಸ್ಕೋಪಿನ ಪರದೆಯ ಮೇಲೆಯೇ.

ಆದರೆ ಟ್ಯೂಬ್ ಒಂದನ್ನೇ ಕಿತ್ತುಕೊಂಡು ಬರಬೇಡಿ. ಸಾಕೆಟ್, ಸುತ್ತಲಿನ ಲೋಹದ ಕವಚ, ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್, ಬ್ರೈಟ್‌ನೆಸ್–ಫೋಕಸ್ ಪಾಟ್‌ಗಳು (ತಿರುಗಿಸಿ ಹೊಂದಿಸುವ ರೆಸಿಸ್ಟರ್‌ಗಳು) ಇರುವ ಬೋರ್ಡು, ಎಲ್ಲವನ್ನೂ ಸಂಸಾರ ಸಮೇತ ತನ್ನಿ. ಟ್ಯೂಬ್ ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದವರೇ ಆಮೇಲೆ ಸಾಕೆಟ್ ಎಲ್ಲಿ ಸಿಗುತ್ತದೆ ಎಂದು ಅಲೆಯುವುದು.

ಇನ್ನೊಂದು ಮಾತು. ಸ್ಕೋಪ್ ಆನ್ ಮಾಡಿದರೆ ಒಂದು ಚುಕ್ಕೆಯೋ ಗೆರೆಯೋ ಬರುತ್ತಿದೆಯೇ? ಹಾಗಿದ್ದರೆ ಬಿಚ್ಚಲೇಬೇಡಿ. ಎಕ್ಸ್–ವೈ ಸ್ಥಾನಕ್ಕೆ ತಿರುಗಿಸಿ, ಎರಡು ಇನ್‌ಪುಟ್‌ಗಳಿಗೆ ನಿಮ್ಮ ಸಿಗ್ನಲ್ ಕೊಡಿ. ಹಿಂಬದಿಯಲ್ಲಿ ಝಡ್ ಎಂದು ಬರೆದ ಸಾಕೆಟ್ ಇದ್ದರೆ ಹೊಳಪನ್ನೂ ಹಿಡಿತಕ್ಕೆ ತರಬಹುದು. ನೀವು ವಾರಗಟ್ಟಲೆ ಕೂತು ಕಟ್ಟಬೇಕಾದದ್ದೆಲ್ಲ ಆ ಪೆಟ್ಟಿಗೆಯೊಳಗೆ ಆಗಲೇ ಇದೆ. ಮುಂದಿನದು, ಪೆಟ್ಟಿಗೆ ನಿಜಕ್ಕೂ ಸತ್ತಿದೆ ಅನ್ನುವವರಿಗೆ.

ಶುರುಮಾಡುವ ಮೊದಲು: ಜೀವದ ಪ್ರಶ್ನೆ

ಇಂಥ ಹೆಚ್ಚಿನ ಟ್ಯೂಬುಗಳಿಗೆ ಬೇಕಾದದ್ದು 1,000ದಿಂದ 2,000 ವೋಲ್ಟ್. ಕರೆಂಟ್ ಬಹಳ ಕಡಿಮೆ, ಒಂದು ಮಿಲಿಆಂಪಿಯರ್‌ಗಿಂತಲೂ ಕಡಿಮೆ. ಇಷ್ಟು ಕೇಳಿ ಧೈರ್ಯ ತಂದುಕೊಳ್ಳಬೇಡಿ. ಆ ವೋಲ್ಟೇಜನ್ನು ಹುಟ್ಟಿಸುವ ಟ್ರಾನ್ಸ್‌ಫಾರ್ಮರ್ ಮತ್ತು ಅದನ್ನು ಹಿಡಿದಿಟ್ಟುಕೊಂಡ ಕೆಪಾಸಿಟರ್ ಬೇಕಾದರೆ ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಕೊಡಬಲ್ಲವು. 2,000 ವೋಲ್ಟ್ ತುಂಬಿದ 1 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ 2 ಜೂಲ್ ಶಕ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಹಾಗೆಯೇ ಕೂತಿರುತ್ತದೆ. ಮನೆಯ ವೈರಿಂಗ್ ರಿಪೇರಿ ಮಾಡಿ ಅಭ್ಯಾಸವಿದೆ ಅನ್ನುವುದು ಇಲ್ಲಿ ಸಾಲದು. ವಾಲ್ವ್ ರೇಡಿಯೋ ಅಥವಾ ಹಳೆ ಟಿವಿ ಬಿಚ್ಚಿ ಗೊತ್ತಿರುವವರು ಪಕ್ಕದಲ್ಲಿರಲಿ. ಒಬ್ಬರೇ ಇರುವಾಗ, ನಿದ್ದೆಗಣ್ಣಿನಲ್ಲಿ ಈ ಕೆಲಸ ಬೇಡ.

ಎರಡನೆಯ ಅಪಾಯ ಗಾಜಿನದು. ಒಳಗೆ ನಿರ್ವಾತ, ಹೊರಗೆ ವಾತಾವರಣದ ಒತ್ತಡ. ಒಡೆದರೆ ಚೂರುಗಳು ಮೊದಲು ಒಳಕ್ಕೆ ನುಗ್ಗಿ ಆಮೇಲೆ ಹೊರಕ್ಕೆ ಚಿಮ್ಮುತ್ತವೆ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಇರಲಿ. ಟ್ಯೂಬನ್ನು ಕತ್ತು ಹಿಡಿದು ಎತ್ತಬೇಡಿ, ಪರದೆಯ ಕಡೆಯಿಂದ ಎರಡೂ ಕೈಯಲ್ಲಿ ಹಿಡಿಯಿರಿ. ಕೆಲವು ಟ್ಯೂಬುಗಳ ಪರದೆಯ ಲೇಪದಲ್ಲಿ ಕ್ಯಾಡ್ಮಿಯಂ ಇರುತ್ತದೆ, ಹಾಗಾಗಿ ಒಡೆದ ಟ್ಯೂಬಿನ ಪುಡಿಯನ್ನು ಬರಿಗೈಯಲ್ಲಿ ಗುಡಿಸಬೇಡಿ. ಎಕ್ಸ್‌ರೇ ಬಗ್ಗೆ ಹಲವರು ಕೇಳುತ್ತಾರೆ: 2,000 ವೋಲ್ಟ್‌ನಲ್ಲಿ ಹುಟ್ಟುವಷ್ಟನ್ನು ಗಾಜೇ ನುಂಗಿಬಿಡುತ್ತದೆ, ಆ ಚಿಂತೆ ಬೇಡ.

ಒಳಗೆ ಏನಿದೆ

ಕತ್ತಿನ ತುದಿಯಲ್ಲಿ ಹೀಟರ್, ಅಂದರೆ ಕೆಂಪಗೆ ಕಾಯುವ ತಂತಿ. ಅದರ ಮೇಲೆ ಟೋಪಿಯ ಹಾಗೆ ಕ್ಯಾಥೋಡ್. ಎಲೆಕ್ಟ್ರಾನ್ ಹೊರಡುವುದು ಅಲ್ಲಿಂದ. ಅದರ ಮುಂದೆ ನಡುವೆ ತೂತಿರುವ ಬಟ್ಟಲು, ಅದೇ ಗ್ರಿಡ್. ಇದು ನಲ್ಲಿ ಇದ್ದ ಹಾಗೆ. ಕ್ಯಾಥೋಡ್‌ಗಿಂತ ಎಷ್ಟು ಹೆಚ್ಚು ನೆಗೆಟಿವ್ ಆದರೆ ಹರಿವು ಅಷ್ಟು ಕಡಿಮೆ. ಆಮೇಲೆ ಕಿರಣವನ್ನು ಸಣ್ಣ ಚುಕ್ಕೆಯಾಗಿಸುವ ಫೋಕಸ್ ಆನೋಡ್, ಅದನ್ನು ಮುಂದಕ್ಕೆ ಎಳೆಯುವ ಕೊನೆಯ ಆನೋಡ್, ಕೊನೆಗೆ ಎರಡು ಜೊತೆ ಡಿಫ್ಲೆಕ್ಷನ್ ಪ್ಲೇಟುಗಳು. ಕಿರಣವನ್ನು ಅಡ್ಡಕ್ಕೆ ಎಳೆಯಲು ಒಂದು ಜೊತೆ, ಉದ್ದಕ್ಕೆ ಎಳೆಯಲು ಇನ್ನೊಂದು. ಟಿವಿ ಟ್ಯೂಬಿನಲ್ಲಿ ಈ ಕೆಲಸವನ್ನು ಕತ್ತಿನ ಮೇಲಿನ ಕಾಯಿಲ್ ಮಾಡುತ್ತದೆ, ಇಲ್ಲಿ ಬರೀ ವೋಲ್ಟೇಜ್ ಸಾಕು. ಸ್ಕೋಪಿನ ಟ್ಯೂಬು ಹವ್ಯಾಸಿಗಳಿಗೆ ಒಗ್ಗುವುದು ಇದೇ ಕಾರಣಕ್ಕೆ.

ಹಂತ 1: ಟ್ಯೂಬ್ ಯಾವುದು, ಗುರುತು ಹಿಡಿಯಿರಿ

ಕತ್ತಿನ ಮೇಲೆ ಅಥವಾ ಬುಡದಲ್ಲಿ ಸಂಖ್ಯೆ ಇರುತ್ತದೆ. ಅಮೆರಿಕನ್ ಪದ್ಧತಿಯಲ್ಲಿ, ಉದಾಹರಣೆಗೆ 3ಬಿಪಿ1 ಅಂದರೆ ಮೊದಲ 3 ಪರದೆಯ ಅಗಲ ಇಂಚಿನಲ್ಲಿ, ಕೊನೆಯ ಪಿ1 ಹಸಿರು ಬೆಳಗುವ ಲೇಪ. ಪಿ31 ಇನ್ನೂ ಪ್ರಖರವಾದ ಹಸಿರು. ಪಿ7 ಇದ್ದರೆ ನಿಮ್ಮ ಅದೃಷ್ಟ: ಕಿರಣ ಬಿದ್ದಾಗ ನೀಲಿ ಮಿಂಚು, ಹೋದ ಮೇಲೆ ನಿಧಾನವಾಗಿ ಆರುವ ಹಳದಿ, ಗಡಿಯಾರಕ್ಕೆ ಹೇಳಿ ಮಾಡಿಸಿದ್ದು. ಹಳೆ ಯುರೋಪಿಯನ್ ಪದ್ಧತಿಯಲ್ಲಿ ಡಿಜಿ7-32 ಅಂದರೆ 7 ಸೆಂಟಿಮೀಟರ್ ಪರದೆ, ಜಿ ಅಂದರೆ ಹಸಿರು. ಈ ಟ್ಯೂಬು 500 ವೋಲ್ಟ್‌ನಲ್ಲೇ ಕೆಲಸ ಮಾಡುತ್ತದೆ, ಮೊದಲ ಸಲ ಕೈಹಾಕುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಸಂಖ್ಯೆ ಸಿಕ್ಕ ಮೇಲೆ ಡೇಟಾಶೀಟ್ (ತಯಾರಕರ ವಿವರಪಟ್ಟಿ) ತೆಗೆದು ಪಿನ್‌ಗಳ ಚಿತ್ರವನ್ನು ಮುದ್ರಿಸಿಟ್ಟುಕೊಳ್ಳಿ. ಆ ಚಿತ್ರ ಬುಡದ ಕಡೆಯಿಂದ ನೋಡಿದ ಹಾಗೆ ಇರುತ್ತದೆ. ಇದನ್ನು ಮರೆತು ಕನ್ನಡಿಬಿಂಬದ ಹಾಗೆ ವೈರ್ ಮಾಡುವುದು ಬಹಳ ಮಂದಿ ಮಾಡುವ ತಪ್ಪು.

ಇಲ್ಲಿ ಎರಡು ಎಚ್ಚರಿಕೆ. ಕತ್ತಿನ ಸುತ್ತ ದಪ್ಪ ತಾಮ್ರದ ಕಾಯಿಲ್‌ಗಳಿದ್ದರೆ ಅದು ಟಿವಿ ಜಾತಿಯ ಟ್ಯೂಬು, ಈ ಲೇಖನ ಅದಕ್ಕಲ್ಲ. (ಕವಚದ ಒಳಗೆ ಒಂದೇ ಒಂದು ತೆಳು ಕಾಯಿಲ್ ಇದ್ದರೆ ಗಾಬರಿ ಬೇಡ, ಅದು ಓರೆಯಾದ ಗೆರೆಯನ್ನು ನೇರ ಮಾಡಲು ಇರುವುದು.) ಎರಡನೆಯದು, ಗಾಜಿನ ಪಕ್ಕದಲ್ಲಿ ರಬ್ಬರ್ ಟೋಪಿಯ ಕೆಳಗೆ ಒಂದು ದಪ್ಪ ವೈರ್ ಹೋಗುತ್ತಿದ್ದರೆ ಆ ಟ್ಯೂಬಿಗೆ ಪರದೆಯ ಹತ್ತಿರ ಇನ್ನೊಂದು ಆನೋಡ್ ಇದೆ, ಅಲ್ಲಿ 10,000 ವೋಲ್ಟ್ ಆಸುಪಾಸು ಇರಬಹುದು. ಮೊದಲ ಪ್ರಯತ್ನಕ್ಕೆ ಅದು ಬೇಡ. ಗುಂಡು ಪರದೆಯ, ಪಕ್ಕದ ವೈರ್ ಇಲ್ಲದ ಹಳೆಯ ಟ್ಯೂಬೇ ಸಾಕು.

ಹಂತ 2: ಚಾರ್ಜ್ ಇಳಿಸಿ, ಬಿಚ್ಚಿ

ಪ್ಲಗ್ ಕಿತ್ತು ಒಂದು ರಾತ್ರಿ ಬಿಡಿ. ಆಮೇಲೂ ಚಾರ್ಜ್ ಇದೆ ಎಂದೇ ನಂಬಿ.

ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವುದು ಬೇಡ. ಹೈವೋಲ್ಟೇಜ್ ಕೆಪಾಸಿಟರ್, ಡಯೋಡ್ ಎರಡಕ್ಕೂ ಅದು ಕೆಟ್ಟದ್ದು. ಬದಲಿಗೆ 470 ಕಿಲೋಓಮ್, 1 ವ್ಯಾಟ್‌ನ ಐದು ರೆಸಿಸ್ಟರ್‌ಗಳನ್ನು ಒಂದರ ಹಿಂದೆ ಒಂದು ಬೆಸೆದು ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ. ಒಂದು ತುದಿಗೆ ಕ್ಲಿಪ್, ಅದು ಚಾಸಿಗೆ, ಅಂದರೆ ಸ್ಕೋಪಿನ ಲೋಹದ ಚೌಕಟ್ಟಿಗೆ. ಇನ್ನೊಂದು ತುದಿಗೆ ಮೊನೆ. 1 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಮುಟ್ಟಿಸಿ 15 ಸೆಕೆಂಡ್ ಹಿಡಿದರೆ 2,000 ವೋಲ್ಟ್ ಕೂಡ ಹತ್ತಿಪ್ಪತ್ತು ವೋಲ್ಟ್‌ಗಿಂತ ಕೆಳಗೆ ಬಂದಿರುತ್ತದೆ. ಆಮೇಲೆ ನೇರ ವೈರಿನಿಂದ ಶಾರ್ಟ್ ಮಾಡಿ, ಆ ವೈರನ್ನು ಕೆಲಸ ಮುಗಿಯುವವರೆಗೂ ಹಾಗೆಯೇ ಬಿಡಿ. ಖಾಲಿ ಮಾಡಿದ ಕೆಪಾಸಿಟರ್ ಸ್ವಲ್ಪ ಹೊತ್ತಿಗೆ ತಾನಾಗಿಯೇ ಒಂದಿಷ್ಟು ವೋಲ್ಟೇಜ್ ಮರಳಿ ಹುಟ್ಟಿಸಿಕೊಳ್ಳುತ್ತದೆ.

ಪ್ರತಿ ವೈರನ್ನು ಕತ್ತರಿಸುವ ಮುನ್ನ ಫೋಟೋ ತೆಗೆದು ಚೀಟಿ ಅಂಟಿಸಿ. ಸಾಕೆಟ್‌ನಿಂದ ಹೊರಡುವ ವೈರುಗಳನ್ನು ಉದ್ದಕ್ಕೆ ಬಿಟ್ಟು ಕತ್ತರಿಸಿ. ಸಾಕೆಟನ್ನು ಅಲ್ಲಾಡಿಸುತ್ತಾ ಎಳೆಯಬೇಡಿ, ನೇರವಾಗಿ ಹಿಂದಕ್ಕೆ ತೆಗೆಯಿರಿ. ಗಾಳಿ ಹೀರಿ ಮುಚ್ಚಿದ ಗಾಜಿನ ಮೊನೆ ಎಷ್ಟೋ ಟ್ಯೂಬುಗಳಲ್ಲಿ ಬುಡದ ನಡುವಿನ ಪ್ಲಾಸ್ಟಿಕ್ ಕೀಲಿಯೊಳಗೇ ಅಡಗಿರುತ್ತದೆ. ಅದು ಮುರಿದರೆ ಮುಗಿಯಿತು. ಪಿನ್‌ಗಳಿಗೆ ನೇರವಾಗಿ ಬೆಸುಗೆ ಹಾಕುವ ಯೋಚನೆಯೂ ಬೇಡ, ಬಿಸಿಗೆ ಗಾಜು ಬಿರುಕು ಬಿಡುತ್ತದೆ.

ಸುತ್ತಲಿನ ಕವಚ ಮ್ಯೂಮೆಟಲ್ ಎಂಬ ನಿಕಲ್ ಮಿಶ್ರಲೋಹದ್ದು. ಕಾಂತಕ್ಷೇತ್ರವನ್ನು ತನ್ನೊಳಗೆ ಸೆಳೆದುಕೊಂಡು ಕಿರಣವನ್ನು ಕಾಯುತ್ತದೆ. ಅದನ್ನು ಬಗ್ಗಿಸಿದರೆ, ತೂತು ಕೊರೆದರೆ, ಕೆಳಗೆ ಬೀಳಿಸಿದರೂ ಆ ಗುಣ ಕುಂದುತ್ತದೆ.

ಹಂತ 3: ಹೀಟರ್ ನೋಡಿ

ಹೆಚ್ಚಿನ ಟ್ಯೂಬುಗಳ ಹೀಟರ್ 6.3 ವೋಲ್ಟ್‌ನದು, 3ಬಿಪಿ1ಗೆ 0.6 ಆಂಪಿಯರ್, ಡಿಜಿ7-32ಗೆ 0.3 ಆಂಪಿಯರ್. ತಣ್ಣಗಿದ್ದಾಗ ಮೀಟರಿನಲ್ಲಿ ಬರೀ ಕೆಲವು ಓಮ್ ತೋರಿಸಬೇಕು. 6.3 ವೋಲ್ಟ್ ಕೊಟ್ಟು ಒಂದು ನಿಮಿಷ ಕಾಯಿರಿ, ಕತ್ತಿನ ತುದಿಯಲ್ಲಿ ಕಿತ್ತಳೆ ಬಣ್ಣದ ಮಂದ ಬೆಳಕು ಕಾಣುತ್ತದೆ. ಕತ್ತಿನ ಒಳಗೋಡೆಯಲ್ಲಿ ಕನ್ನಡಿಯಂಥ ಕಲೆ ಇದ್ದರೆ ಅದು ಒಳ್ಳೆಯ ಲಕ್ಷಣ, ಅಳಿದುಳಿದ ಗಾಳಿಯನ್ನು ಹೀರಿಕೊಳ್ಳಲೆಂದೇ ಬಳಿದದ್ದು. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ, ಆ ಟ್ಯೂಬನ್ನು ಅಲ್ಲಿಗೇ ಬಿಡಿ.

ಹಂತ 4: ಹೈವೋಲ್ಟೇಜ್

ಡಿಫ್ಲೆಕ್ಷನ್ ಪ್ಲೇಟುಗಳನ್ನು ನೆಲದ ಮಟ್ಟಕ್ಕೆ, ಅಂದರೆ ಅರ್ತ್‌ನ ಹತ್ತಿರ ಇಟ್ಟು, ಕ್ಯಾಥೋಡನ್ನು ಮೈನಸ್ 1,500 ವೋಲ್ಟ್‌ಗೆ ಇಳಿಸುವುದು ರೂಢಿ. ಇದರಿಂದ ಸಿಗ್ನಲ್ ಕೊಡುವ ಸರ್ಕ್ಯೂಟ್ ಕೈಗೆ ಸಿಗುವ ವೋಲ್ಟೇಜಿನಲ್ಲಿ ಇರುತ್ತದೆ. ಆದರೆ ಹೀಟರ್ ಕ್ಯಾಥೋಡ್ ಜೊತೆಗೇ ಮೈನಸ್ 1,500ರಲ್ಲಿ ತೇಲುತ್ತದೆ. ಅದನ್ನು ಅರ್ತ್‌ಗೆ ಕಟ್ಟಿದರೆ ಎರಡರ ನಡುವಿನ ತೆಳು ನಿರೋಧಕ ಪದರ ಸುಟ್ಟುಹೋಗುತ್ತದೆ. ಆದ್ದರಿಂದ ಹೀಟರಿಗೆ ಪ್ರತ್ಯೇಕವಾದ, ಹೈವೋಲ್ಟೇಜ್ ತಡೆಯುವ ಸುರುಳಿಯೇ ಬೇಕು. ಸ್ಕೋಪಿನ ಮೂಲ ಟ್ರಾನ್ಸ್‌ಫಾರ್ಮರಿನಲ್ಲಿ ಅದು ಇದ್ದೇ ಇರುತ್ತದೆ. ಸಂಸಾರ ಸಮೇತ ತನ್ನಿ ಎಂದದ್ದು ಇದಕ್ಕೇ.

ಮೂಲ ಟ್ರಾನ್ಸ್‌ಫಾರ್ಮರ್ ಸತ್ತಿದ್ದರೆ ಬೇರೆ ಟ್ರಾನ್ಸ್‌ಫಾರ್ಮರಿನ 250 ವೋಲ್ಟ್ ಸುರುಳಿಯಿಂದ ಡಯೋಡ್–ಕೆಪಾಸಿಟರ್ ಏಣಿ ಕಟ್ಟಿ ವೋಲ್ಟೇಜ್ ಏರಿಸಬಹುದು. ಪ್ರತಿ ಮೆಟ್ಟಿಲಿಗೆ ಸುಮಾರು 700 ವೋಲ್ಟ್, ಎರಡು ಮೆಟ್ಟಿಲಿಗೆ 1,400. ಇಲ್ಲಿ ಎಲ್ಲರೂ ಎಡವುವುದು ಕೆಪಾಸಿಟರಿನ ಆಯ್ಕೆಯಲ್ಲಿ. 50 ಹರ್ಟ್ಸ್‌ನಲ್ಲಿ 0.1 ಮೈಕ್ರೋಫ್ಯಾರಡ್ ಹಾಕಿ ಅರ್ಧ ಮಿಲಿಆಂಪಿಯರ್ ಎಳೆದರೆ 1,400ರಲ್ಲಿ 700 ವೋಲ್ಟ್ ಅಲ್ಲೇ ಕುಸಿಯುತ್ತದೆ. 1 ಮೈಕ್ರೋಫ್ಯಾರಡ್ ಹಾಕಿದರೆ ಕುಸಿತ ಬರೀ 70, ಆದರೆ ಅಪಾಯ ಹತ್ತು ಪಟ್ಟು. ಅದರ ಬದಲು 30 ಕಿಲೋಹರ್ಟ್ಸ್ ಸುಮಾರಿನಲ್ಲಿ ಓಡುವ ಸಣ್ಣ ಇನ್ವರ್ಟರ್ (ಮನೆಯ ಯುಪಿಎಸ್ ಅಲ್ಲ, ಡಿಸಿಯನ್ನು ವೇಗದ ಎಸಿಯಾಗಿಸುವ ಸರ್ಕ್ಯೂಟ್) ಬಳಸಿದರೆ 0.01 ಮೈಕ್ರೋಫ್ಯಾರಡ್ ಸಾಕು, ಉಳಿದುಕೊಳ್ಳುವ ಚಾರ್ಜೂ ಅತ್ಯಲ್ಪ. ನನ್ನ ಮತ ಇನ್ವರ್ಟರಿಗೇ. ಏಣಿಯ ಪ್ರತಿ ಡಯೋಡಿನ ಮೇಲೆ 700 ವೋಲ್ಟ್ ಬೀಳುವುದರಿಂದ 50 ಹರ್ಟ್ಸ್ ಏಣಿಗೆ 1ಎನ್4007 ನಡೆಯುತ್ತದೆ. ಇನ್ವರ್ಟರಿಗೆ ಅದು ನಿಧಾನ, ಚುರುಕಾದ ಜಾತಿಯ ಡಯೋಡ್ ಹಾಕಿ.

ಗೋಡೆಯ ಪ್ಲಗ್ಗಿನಿಂದ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಏಣಿ ಕಟ್ಟುವ ಚಿತ್ರಗಳು ಅಲ್ಲಲ್ಲಿ ಸಿಗುತ್ತವೆ. ಅದನ್ನು ಮಾಡಲೇಬೇಡಿ.

ಹಂತ 5: ಡಿವೈಡರ್ ಸರಪಳಿ

ಒಂದೇ ಹೈವೋಲ್ಟೇಜಿನಿಂದ ಗ್ರಿಡ್, ಕ್ಯಾಥೋಡ್, ಫೋಕಸ್ ಮೂರಕ್ಕೂ ಬೇಕಾದ ವೋಲ್ಟೇಜ್ ಹಂಚಿಕೊಡುವ ರೆಸಿಸ್ಟರ್ ಸಾಲು ಇದು. 1,500 ವೋಲ್ಟ್, 3 ಇಂಚಿನ ಟ್ಯೂಬಿಗೆ ಮೈನಸ್ ತುದಿಯಿಂದ ಅರ್ತ್ ಕಡೆಗೆ ಹೀಗೆ ಬನ್ನಿ: 220 ಕಿಲೋಓಮ್‌ನ ಬ್ರೈಟ್‌ನೆಸ್ ಪಾಟ್, 470 ಕಿಲೋಓಮ್ ಒಂದು, 470 ಕಿಲೋಓಮ್‌ನ ಫೋಕಸ್ ಪಾಟ್, ಮತ್ತೆ 470 ಕಿಲೋಓಮ್ ನಾಲ್ಕು, ಕೊನೆಗೆ ಅಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ ಜೋಡಿಸಿದ 22 ಕಿಲೋಓಮ್ ಎರಡು. ಹರಿಯುವ ಕರೆಂಟ್ ಅರ್ಧ ಮಿಲಿಆಂಪಿಯರಿಗೆ ತುಸು ಕಡಿಮೆ.

ಗ್ರಿಡ್ ಬ್ರೈಟ್‌ನೆಸ್ ಪಾಟಿನ ನಡುವಿನ ಕಾಲಿಗೆ. ಕ್ಯಾಥೋಡ್, ಅದೇ ಪಾಟಿನ ಅರ್ತ್ ಕಡೆಯ ತುದಿಗೆ. ಹೀಟರಿನ ಒಂದು ಕಾಲೂ ಅಲ್ಲಿಗೇ. ಆಗ ಗ್ರಿಡ್ ಕ್ಯಾಥೋಡ್‌ಗಿಂತ ಸೊನ್ನೆಯಿಂದ ಸುಮಾರು 108 ವೋಲ್ಟ್‌ವರೆಗೆ ನೆಗೆಟಿವ್ ಆಗಬಲ್ಲದು, ಕಿರಣ ಪೂರ್ತಿ ಆರಲು ಅಷ್ಟು ಸಾಕು. ಗ್ರಿಡ್‌ನಿಂದ ಮೈನಸ್ ತುದಿಗೆ ಇನ್ನೊಂದು 4.7 ಮೆಗಾಓಮ್ ಹಾಕಿ. ಪಾಟ್ ಒಳಗೆ ಸಂಪರ್ಕ ತಪ್ಪಿದರೂ ಪರದೆ ಕತ್ತಲಾಗುತ್ತದೆಯೇ ಹೊರತು ಧಗ್ಗನೆ ಉರಿದು ಸುಟ್ಟುಕೊಳ್ಳುವುದಿಲ್ಲ. ಫೋಕಸ್ ಆನೋಡ್ ಫೋಕಸ್ ಪಾಟಿನ ನಡುವಿನ ಕಾಲಿಗೆ.

470ರ ನಾಲ್ಕರ ಬದಲು ಒಂದೇ ದೊಡ್ಡ ರೆಸಿಸ್ಟರ್ ಏಕೆ ಬೇಡ? ಸಾಮಾನ್ಯ ಕಾಲು ವ್ಯಾಟ್ ರೆಸಿಸ್ಟರ್ ತಡೆಯುವುದು 250 ವೋಲ್ಟ್ ಮಾತ್ರ. ವ್ಯಾಟ್ ಲೆಕ್ಕ ಸರಿಯಿದ್ದರೂ ವೋಲ್ಟೇಜಿಗೆ ಸೋತು, ತಿಂಗಳುಗಟ್ಟಲೆ ನಡೆದು ಒಂದು ದಿನ ಕೈಕೊಡುತ್ತದೆ. ಇಲ್ಲಿ ಒಂದೊಂದರ ಮೇಲೆ ಬೀಳುವುದು 231 ವೋಲ್ಟ್, ಅರ್ಧ ವ್ಯಾಟಿನವು ನೆಮ್ಮದಿಯಾಗಿ ತಡೆಯುತ್ತವೆ.

ಕೊನೆಯ 22ರ ಜೋಡಿ ಅಳತೆಗೆ. ಮಾಮೂಲಿ ಮಲ್ಟಿಮೀಟರಿನ ಮಿತಿ 600 ಅಥವಾ 1,000 ವೋಲ್ಟ್; ಅದನ್ನು 1,500ಕ್ಕೆ ಮುಟ್ಟಿಸಬಾರದು. ಈ ಜೋಡಿಯ ಮೇಲೆ 5.4 ವೋಲ್ಟ್ ಕಂಡರೆ ಸರಪಳಿಯ ಮೇಲೆ 1,500 ಇದೆ ಎಂದರ್ಥ. ಎರಡು ಏಕೆಂದರೆ, ಒಂದರ ಬೆಸುಗೆ ಬಿಟ್ಟರೂ ಇನ್ನೊಂದು ಹಿಡಿದಿರುತ್ತದೆ. ಎರಡೂ ಬಿಟ್ಟರೆ ಅಲ್ಲಿ ಪೂರ್ತಿ ಹೈವೋಲ್ಟೇಜ್ ಬರುತ್ತದೆ.

ಎರಡೂ ಪಾಟ್‌ಗಳ ಮೈಯೆಲ್ಲ ಸಾವಿರ ವೋಲ್ಟ್ ಆಸುಪಾಸಿನ ಅಥವಾ ಅದನ್ನೂ ಮೀರಿದ ಜಾಗ. ಲೋಹದ ಫಲಕಕ್ಕೆ ಕೂರಿಸಬೇಡಿ. ಒಳಗೆ ಪ್ಲಾಸ್ಟಿಕ್ ಹಲಗೆಯ ಮೇಲೆ ಕೂರಿಸಿ, ಹೊರಗಿನ ಗುಂಡಿಗೆ ಪ್ಲಾಸ್ಟಿಕ್ ಕಡ್ಡಿ ಉದ್ದಮಾಡಿ ತನ್ನಿ.

ಹಂತ 6: ಮೊದಲ ಚುಕ್ಕೆ

ನಾಲ್ಕೂ ಡಿಫ್ಲೆಕ್ಷನ್ ಪ್ಲೇಟುಗಳನ್ನು ಕೊನೆಯ ಆನೋಡಿನ ಜೊತೆ ಅರ್ತ್‌ಗೆ ಸೇರಿಸಿ. ಯಾವುದನ್ನೂ ತೇಲಲು ಬಿಡಬೇಡಿ. ಚಾರ್ಜ್ ತುಂಬಿಕೊಂಡು ಕಿರಣವನ್ನು ಪರದೆಯಾಚೆ ತಳ್ಳುತ್ತವೆ. ಆಮೇಲೆ ಒಂದು ಜೊತೆಯ ಒಂದು ಪ್ಲೇಟನ್ನು ಅರ್ತ್‌ನಿಂದ ಬಿಡಿಸಿ ಅದಕ್ಕೆ ಸಣ್ಣ ಟ್ರಾನ್ಸ್‌ಫಾರ್ಮರಿನ 30 ವೋಲ್ಟ್ ಎಸಿ ಕೊಡಿ, ಟ್ರಾನ್ಸ್‌ಫಾರ್ಮರಿನ ಇನ್ನೊಂದು ಕಾಲು ಅರ್ತ್‌ಗೆ. ಬರಬೇಕಾದ್ದು ನಿಂತ ಚುಕ್ಕೆಯಲ್ಲ, ಅರ್ಧ ಇಂಚಿಗೆ ತುಸು ಮಿಕ್ಕ ಗೆರೆ. ನಿಂತ ಚುಕ್ಕೆ ಪರದೆಯ ಲೇಪವನ್ನು ಸುಡುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ನನ್ನ ಮೊದಲ ಟ್ಯೂಬಿನ ನಟ್ಟನಡುವೆ ಇವತ್ತಿಗೂ ಸಾಸಿವೆ ಕಾಳಿನಷ್ಟು ಕಂದು ಕಲೆ ಇದೆ.

ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಮೊದಲು ಹೀಟರ್, ಒಂದು ನಿಮಿಷದ ಮೇಲೆ ಹೈವೋಲ್ಟೇಜ್. ಕೋಣೆಯ ದೀಪ ಆರಿಸಿ, ಒಂದು ಕೈ ಜೇಬಿನಲ್ಲಿಟ್ಟು ಬ್ರೈಟ್‌ನೆಸ್ ಮೆಲ್ಲಗೆ ಏರಿಸಿ. ಮಸುಕಾದ ಹಸಿರು ಕಂಡ ತಕ್ಷಣ ನಿಲ್ಲಿಸಿ ಫೋಕಸ್ ತಿರುಗಿಸಿ. ಹತ್ತಿಯ ಎಳೆಯ ಹಾಗಿದ್ದದ್ದು ಕೂದಲಿನಷ್ಟು ತೆಳ್ಳಗಾಗುತ್ತದೆ.

ಏನೂ ಬಾರದಿದ್ದರೆ ಬ್ರೈಟ್‌ನೆಸ್ ಪೂರ್ತಿ ಏರಿಸುವ ಆತುರ ಬೇಡ. ಉದ್ದನೆಯ ಪ್ಲಾಸ್ಟಿಕ್ ಕೋಲಿನ ತುದಿಗೆ ಸಣ್ಣ ಆಯಸ್ಕಾಂತ ಅಂಟಿಸಿ ಕತ್ತಿನ ಹತ್ತಿರ ಆಡಿಸಿ. ಕಿರಣ ಪರದೆಯಾಚೆ ಎಲ್ಲೋ ಬೀಳುತ್ತಿದ್ದರೆ ಒಂದು ಕ್ಷಣ ಒಳಕ್ಕೆ ಬಂದು ಹೋಗುತ್ತದೆ. ಆಗ ದೋಷ ಪ್ಲೇಟುಗಳ ಸಂಪರ್ಕದಲ್ಲಿದೆ. ಆಗಲೂ ಏನೂ ಇಲ್ಲವೆಂದರೆ 5.4 ವೋಲ್ಟ್ ಇದೆಯೇ ನೋಡಿ, ಆಮೇಲೆ ಎಲ್ಲ ಆಫ್ ಮಾಡಿ, ಚಾರ್ಜ್ ಇಳಿಸಿ, ಗ್ರಿಡ್–ಕ್ಯಾಥೋಡ್ ಅದಲುಬದಲಾಗಿದೆಯೇ ಪರೀಕ್ಷಿಸಿ.

ಹಂತ 7: ಡಿಫ್ಲೆಕ್ಷನ್ ಆಂಪ್ಲಿಫೈಯರ್

1,500 ವೋಲ್ಟ್‌ನಲ್ಲಿ 3 ಇಂಚಿನ ಹಳೆ ಟ್ಯೂಬಿಗೆ ಕಿರಣ ಒಂದಿಂಚು ಸರಿಯಲು 110ರಿಂದ 150 ವೋಲ್ಟ್ ಬೇಕು. ಆನೋಡ್ ವೋಲ್ಟೇಜ್ ಏರಿಸಿದಷ್ಟೂ ಇದೂ ಅದೇ ಅನುಪಾತದಲ್ಲಿ ಏರುತ್ತದೆ. ಹೊಳಪಿನ ಆಸೆಗೆ 2,000ಕ್ಕೆ ಏರಿಸಿ, ಚಿತ್ರ ಪರದೆ ತುಂಬುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಇದನ್ನು ನೆನಪಿಡಿ.

ಜೊತೆಯ ಎರಡೂ ಪ್ಲೇಟುಗಳನ್ನು ವಿರುದ್ಧ ದಿಕ್ಕಿಗೆ ಎಳೆಯಬೇಕು, ಒಂದು ಏರಿದರೆ ಇನ್ನೊಂದು ಇಳಿಯಬೇಕು. ಒಂದನ್ನೇ ಎಳೆದರೆ ಅಂಚಿನಲ್ಲಿ ಫೋಕಸ್ ಕೆಡುತ್ತದೆ, ಚೌಕ ಹೋಗಿ ಒಂದು ಬದಿ ಅಗಲವಾದ ಆಕಾರ ಬರುತ್ತದೆ. ಇದಕ್ಕೆ ಎಮಿಟರುಗಳನ್ನು ಒಟ್ಟಿಗೆ ಕಟ್ಟಿದ ಎರಡು ಟ್ರಾನ್ಸಿಸ್ಟರುಗಳ ಜೋಡಿ ಸಾಕು. ಎಂಜೆಇ340 ಎರಡು, 280 ವೋಲ್ಟ್ ಸಪ್ಲೈ, ಪ್ರತಿ ಕಲೆಕ್ಟರಿಗೆ 47 ಕಿಲೋಓಮ್ 2 ವ್ಯಾಟ್, ಪ್ರತಿ ಎಮಿಟರಿಗೆ 390 ಓಮ್, ಆ ಎರಡೂ ಸೇರಿದ ಬಿಂದುವಿನಿಂದ ಮೈನಸ್ 12 ವೋಲ್ಟ್‌ಗೆ 2.2 ಕಿಲೋಓಮ್. ವರ್ಧನೆ ಸುಮಾರು 120 ಪಟ್ಟು. ಮೈಕ್ರೋಕಂಟ್ರೋಲರಿನ (ಪ್ರೋಗ್ರಾಂ ಓಡಿಸುವ ಸಣ್ಣ ಚಿಪ್ಪಿನ) 3.3 ವೋಲ್ಟ್ ಇಲ್ಲಿ 390 ವೋಲ್ಟ್ ಹತ್ತಿರಕ್ಕೆ ಬೆಳೆದು ಪರದೆ ತುಂಬುತ್ತದೆ. ಸಿಗ್ನಲ್ ಒಂದು ಬೇಸಿಗೆ, ಇನ್ನೊಂದು ಬೇಸಿಗೆ ಪಾಟ್ ಮೂಲಕ 1.65 ವೋಲ್ಟ್, ಆ ಪಾಟೇ ಚಿತ್ರವನ್ನು ಆಚೀಚೆ ಸರಿಸುವ ಗುಂಡಿ. ಇಂಥದ್ದು ಎಕ್ಸ್‌ಗೆ ಒಂದು, ವೈಗೆ ಒಂದು.

ಈಗ ಪ್ಲೇಟುಗಳ ಸರಾಸರಿ ವೋಲ್ಟೇಜ್ 150 ಆಯಿತು. ಕೊನೆಯ ಆನೋಡನ್ನೂ ಅರ್ತ್‌ನಿಂದ ಬಿಡಿಸಿ ಅದರ ಹತ್ತಿರಕ್ಕೆ ತರಬೇಕು, ಇಲ್ಲವಾದರೆ ಅಡ್ಡಗೆರೆ ತೆಳ್ಳಗೆ, ಉದ್ದಗೆರೆ ದಪ್ಪಗೆ ಕಾಣುತ್ತದೆ. 280 ವೋಲ್ಟ್ ಮತ್ತು ಅರ್ತ್ ನಡುವೆ 100 ಕಿಲೋಓಮ್‌ನ, ಒಂದು ವ್ಯಾಟಿನ ಅಥವಾ ಅದಕ್ಕೂ ಮೇಲ್ಪಟ್ಟ ಪಾಟ್ ಹಾಕಿ ನಡುವಿನ ಕಾಲನ್ನು ಆನೋಡಿಗೆ ಕೊಡಿ. ಪರದೆಯ ಮೇಲೆ ಒಂದು ವೃತ್ತ ಬರೆಸಿ, ಇದನ್ನೂ ಫೋಕಸನ್ನೂ ಸರದಿಯ ಮೇಲೆ ತಿರುಗಿಸುತ್ತಾ ಗೆರೆ ಎಲ್ಲ ಕಡೆ ಒಂದೇ ದಪ್ಪ ಆಗುವವರೆಗೆ ಹೊಂದಿಸಿ.

ಹಂತ 8: ಸಿಗ್ನಲ್, ಹೊಳಪು

ಸಂಗೀತಕ್ಕೆ ಕಂಪ್ಯೂಟರಿನ ಆಡಿಯೋ ಔಟ್‌ಪುಟ್ ಸಾಕು, ಆದರೆ ಅದರಲ್ಲಿ ಕೆಪಾಸಿಟರ್ ಇರುವುದರಿಂದ ನಿಂತ ಮಟ್ಟವನ್ನು ಹಿಡಿದಿಡಲಾರದು. ಗಡಿಯಾರದ ಅಂಕಿ ನಿಧಾನಕ್ಕೆ ನಡುವಿಗೆ ಜಾರುತ್ತದೆ. ಗಡಿಯಾರಕ್ಕೆ ಮೂಲ ಇಎಸ್‌ಪಿ32 ಚಿಪ್ ಒಳ್ಳೆಯದು, ಅದರಲ್ಲೇ 8 ಬಿಟ್‌ನ ಎರಡು ಡಿಎಸಿ, ಅಂದರೆ ಅಂಕಿಯನ್ನು ವೋಲ್ಟೇಜಾಗಿಸುವ ಭಾಗಗಳಿವೆ. ಪರದೆ 256ಕ್ಕೆ 256 ಚುಕ್ಕೆಗಳ ಹಾಳೆಯಾಗುತ್ತದೆ.

ಒಂದು ಅಂಕಿ ಮುಗಿಸಿ ಇನ್ನೊಂದಕ್ಕೆ ಹಾರುವಾಗ ಕಿರಣ ಆರಬೇಕು. ಗ್ರಿಡ್ ಇರುವುದು ಮೈನಸ್ 1,500ರಲ್ಲಿ, ಹಾಗಾಗಿ ಮೈಕ್ರೋಕಂಟ್ರೋಲರಿನ ಕಾಲನ್ನು ಅಲ್ಲಿಗೆ ನೇರ ಕಟ್ಟುವಂತಿಲ್ಲ. ನಡುವೆ 5,000 ವೋಲ್ಟ್ ತಡೆಯುವ ಆಪ್ಟೋಕಪ್ಲರ್, ಅಂದರೆ ಬೆಳಕಿನ ಮೂಲಕವೇ ಸುದ್ದಿ ದಾಟಿಸುವ ಚಿಪ್ ಇರಲಿ. ಪ್ರೋಗ್ರಾಂ ನಿಂತುಹೋದರೆ ಕಿರಣ ತಾನಾಗಿ ಆರುವ ಹಾಗೆ ಬರೆಯಿರಿ, ಇಲ್ಲವಾದರೆ ಆ ಕಂದು ಕಲೆ ನಿಮ್ಮ ಟ್ಯೂಬಿಗೂ ಬಂತು.

ಹಂತ 9: ಪೆಟ್ಟಿಗೆ

ಟ್ರಾನ್ಸ್‌ಫಾರ್ಮರನ್ನು ಟ್ಯೂಬಿನ ಪಕ್ಕದಲ್ಲಿಡಬೇಡಿ, ಹಿಂದೆ ದೂರಕ್ಕೆ ಇಡಿ. ಗೆರೆ ನಡುಗುತ್ತಿದ್ದರೆ ಸಾಮಾನ್ಯವಾಗಿ ಅದರದ್ದೇ ಕಾಂತಕ್ಷೇತ್ರ. ಜಾಗ ಬದಲಿಸಿ, ತಿರುಗಿಸಿ ನೋಡಿ. ಮ್ಯೂಮೆಟಲ್ ಕವಚವನ್ನು ಅರ್ತ್‌ಗೆ ಕಟ್ಟಿ. ಪರದೆಯ ಮುಂದೆ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆ ಇರಲಿ. ಮುಚ್ಚಳ ತೆಗೆದರೆ ಕರೆಂಟ್ ಕಡಿಯುವ ಸ್ವಿಚ್ಚೂ ಇರಲಿ, ಮನೆಗೆ ಬಂದವರೆಲ್ಲ ಹತ್ತಿರ ಬಗ್ಗಿ ನೋಡುವ ವಸ್ತು ಇದು.

ಇಷ್ಟಾದ ಮೇಲೂ ಚಿತ್ರ ಓರೆಯಾಗಿ ಕೂತಿದ್ದರೆ ಸರ್ಕ್ಯೂಟಿನಲ್ಲಿ ಹುಡುಕಬೇಡಿ. ಎಲ್ಲ ಆಫ್ ಮಾಡಿ, ಚಾರ್ಜ್ ಇಳಿಸಿ, ಕತ್ತಿನ ಪಟ್ಟಿ ಸಡಿಲಿಸಿ ಟ್ಯೂಬನ್ನೇ ಒಂದಿಷ್ಟು ತಿರುಗಿಸಿ ಮತ್ತೆ ಬಿಗಿಮಾಡಿ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಸಲಕ್ಕೆ ನೇರವಾಗುತ್ತದೆ.